ಅಸರ್ ಬಾಂಗ್ ಆದಾಗ

ಅಕ್ಟೋಬರ್ 11, 2022, ಮಂಗಳವಾರ

ಇವತ್ತೂ ಅದೇ. ಟೆಸ್ಟ್ ಓಡಿಸು, ಚಹಾ ಕುಡಿ, ಮತ್ತೆ ಓಡಿಸು. ವರ್ಲ್ಡ್ ಕಪ್ ಬಸ್ ಪಾಸಿನ ಸಿಸ್ಟಮ್ ತೆವಳುತ್ತಿದೆ. ಇರುವುದು ಒಂದೇ ಸರ್ವರ್, ಅದರೊಳಗೆ ಎಂಟು ವರ್ಚುವಲ್ ಮಷಿನ್. ಇಲ್ಲಿ ದೋಹಾದ ಮುಐದರ್ ಏರಿಯಾದಲ್ಲಿ ಒಂದೇ ವಿಲ್ಲಾಗೆ ಪಾರ್ಟಿಷನ್ ಹಾಕಿ ಎಂಟು ಸಂಸಾರ ತುಂಬಿದ ಹಾಗೆ. ಒಳಗಿರುವವಕ್ಕೆ ಗೆಸ್ಟ್ ಅಂತ ಹೆಸರು. ಏನು ಗೆಸ್ಟೋ, ಉಪಚಾರ ಮಾಡಿ ಮಾಡಿ ನನ್ನ ಸೊಂಟ ಬಿದ್ದುಹೋಯಿತು.

ಪಕ್ಕದ ಸೀಟಿನ ಅಝರ್ ಸುಮ್ಮನಿರಲಿಲ್ಲ. ಬಾಸ್ ಎದುರೇ, "ಇದು ಆಗುದಿಲ್ಲ ಆಲ್ಬರ್ಟ್ ಸರ್, ಇನ್ನೊಂದು ಸರ್ವರ್ ಬೇಕೇ ಬೇಕು," ಎಂದ.

ಬಾಸ್ ಮುಖ ಗಂಟು. "ಹೊಸದು ಮಾಫಿ, ಇಲ್ಲವೇ ಇಲ್ಲ. ಇದ್ದದ್ರಲ್ಲೇ ಓಡಿಸಿ."

ಅಕ್ಟೋಬರ್ 16, ಭಾನುವಾರ

ಗೆಸ್ಟ್ ವೇಗ ಹೆಚ್ಚಿಸುವ ಹೊಸ ಸೆಟ್ಟಿಂಗ್ ಒಂದಿದೆ — ಇನ್ನೂ ಪ್ರಯೋಗದ ಹಂತದ್ದು. ಹಾಕಿ ನೋಡಿದೆ. ಅಬ್ಬಾ! ಅದೇ ಕೆಲಸ ಮೂವತ್ತು ಪರ್ಸೆಂಟ್ ಕಡಿಮೆ ಸಮಯದಲ್ಲಿ! ಮತ್ತೆ ಮತ್ತೆ ಓಡಿಸಿದೆ. ಪ್ರತಿ ಸಲವೂ ಅಷ್ಟೇ. ಆಲ್ಬರ್ಟ್ ಸರ್ ಇಡೀ ಆಫೀಸಿಗೆ ಕೇಳುವ ಹಾಗೆ ಹೊಗಳಿದರು. ಅಝರ್ ಮಾತ್ರ, "ಇಷ್ಟು ಸುಲಭವಾ ಮಾರಾಯ್ರೆ?" ಎಂದ. ಹೊಟ್ಟೆಕಿಚ್ಚು ಅಂದುಕೊಂಡೆ.

ಅಕ್ಟೋಬರ್ 27, ಗುರುವಾರ

ಬರೆಯಲು ಮನಸ್ಸಿರಲಿಲ್ಲ... ವೇಗ ಸಿಕ್ಕಿತಲ್ಲ, ಇನ್ನು ಇಬ್ಬರು ಯಾಕೆ ಅಂದರಂತೆ ಬಾಸ್. ನನಗೆ ಪ್ರಮೋಷನ್. ಅಝರ್ ಕೆಲಸ ಖಲಾಸ್. ಮುಂದಿನ ಗುರುವಾರ ಪೇಪರಿಗೆ ಸೈನ್, ಆಮೇಲೆ ವೀಸಾ ಕ್ಯಾನ್ಸಲ್. ಅವನ ಮಗಳು ಹತ್ತನೇ ಕ್ಲಾಸು. ಹುಟ್ಟಿದ್ದೇ ದೋಹಾದಲ್ಲಿ. ಅವನ ಹೆಂಡತಿ ಶಹನಾ ಫೋನ್ ಮಾಡಿದ್ದಳು. "ನೀವೊಂದು ಮಾತು ಹೇಳಿದ್ರೆ ಬಾಸ್ ಕೇಳ್ತಾರೆ ಅಕ್ಕಾ."

ನೋಡೋಣ ಅಂದೆ. ಏನು ನೋಡುತ್ತೇನೆ, ಮಣ್ಣು.

ನವೆಂಬರ್ 2, ಬುಧವಾರ

ಕೊನೆಯ ಸುತ್ತಿನ ಟೆಸ್ಟ್. ಒಂದು ಗಂಟೆಗೆ ಗೆಸ್ಟ್ ರೀಸ್ಟಾರ್ಟ್ ಮಾಡಿ ಶುರುಮಾಡಿದೆ. ಅದರ ಪರದೆಯಿಂದ ಕಣ್ಣು ತೆಗೆದಿರಲಿಲ್ಲ. ಅಝರ್ ಎದ್ದ.

"ಅಸರ್ ಬಾಂಗ್ ಆಯ್ತು, ನಮಾಜ್ ಮಾಡಿ ಬರ್ತೇನೆ."

"ಈಗಷ್ಟೇ ಎರಡಾಯ್ತು, ಎರಡೂವರೆಯ ಬಾಂಗ್‌ಗೆ ಇನ್ನೂ ಅರ್ಧ ಗಂಟೆ ಇದೆಯಲ್ರೀ," ಅಂದೆ, ಪರದೆ ನೋಡಿಕೊಂಡೇ.

"ಮಸೀದಿಯವರು ಸುಳ್ಳು ಹೇಳ್ತಾರಾ ಮಾರಾಯ್ರೆ?" ನಗುತ್ತ ಹೋದ.

ಮೊಬೈಲ್ ನೋಡಿದೆ. ಎರಡೂವರೆ. ಗೆಸ್ಟ್ ಪರದೆಯ ಮೂಲೆಯಲ್ಲಿ ಇನ್ನೂ ಎರಡೇ.

ಗೆಸ್ಟ್ ಬೇಗ ಓಡುತ್ತಿಲ್ಲ. ಅದರ ಗಡಿಯಾರ ನಿಧಾನ ಓಡುತ್ತಿದೆ. ಆ ಗಡಿಯಾರದಲ್ಲೇ ವೇಗ ಅಳೆದೆ — ನಾನು, ದೊಡ್ಡ ಜಾಣೆ! ಪ್ರತಿ ರೀಸ್ಟಾರ್ಟಿಗೂ ಟೈಮ್ ಸರಿಹೋಗುತ್ತಿತ್ತು, ಅದಕ್ಕೇ ಕಣ್ಣಿಗೆ ಬೀಳಲಿಲ್ಲ. ಮೂವತ್ತು ಪರ್ಸೆಂಟೂ ಸುಳ್ಳು. ಅಝರ್ ಹೇಳಿದ್ದೇ ನಿಜ, ಇನ್ನೊಂದು ಸರ್ವರ್ ಬೇಕೇ ಬೇಕು.

ಅದೇ ದಿನ, ಸಂಜೆ

ನಾಗಾರ್ಜುನನಿಗೆ ಹೇಳಿದೆ. ಗಂಡನ ಉಪದೇಶ ಇದು: "ಬಾಯ್ಮುಚ್ಕೊಂಡಿರು ರಶ್ಮಿತಾ. ಹೇಳಿದ್ರೆ ಅವನ ಬದ್ಲು ನೀನು ಹೋಗ್ತೀಯ, ಅಷ್ಟೇ."

ಹೌದು, ಹೋಗುತ್ತೇನೆ. ಭಯವಾಗುತ್ತಿದೆ.

ನವೆಂಬರ್ 3, ಗುರುವಾರ, ಬೆಳಗ್ಗೆ

ಆಫೀಸಿನಲ್ಲೇ ಕೂತು ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್ ಪರದೆಯಲ್ಲಿ ಎರಡು ಗಡಿಯಾರ ಅಕ್ಕಪಕ್ಕ ಇಟ್ಟಿದ್ದೇನೆ — ಗೆಸ್ಟ್‌ದು, ನಿಜದ್ದು. ಮಗುವಿಗೂ ಗೊತ್ತಾಗುತ್ತದೆ. ತೋರಿಸುವ ಧೈರ್ಯ ಮಾತ್ರ ಬಂದಿಲ್ಲ.

ಅಝರ್ ಸೈನ್ ಮಾಡಲು ಬಾಸ್ ಕ್ಯಾಬಿನ್‌ಗೆ ಹೋಗುವ ಮುಂಚೆ ನನ್ನ ಟೇಬಲ್ ಮೇಲೆ ಒಂದು ಡಬ್ಬಿ ಇಟ್ಟ. ಹಲ್ವಾ. "ಶಹನಾ ಮಾಡಿದ್ದು. ನಿಮ್ಮ ಪ್ರಮೋಷನ್‌ಗೆ."

ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಗಾಜಿನಾಚೆ ಆಲ್ಬರ್ಟ್ ಸರ್ ಪೆನ್ ಚಾಚುತ್ತಿದ್ದಾರೆ. ಅಯ್ಯೋ, ಅಝರ್ ತೆಗೆದುಕೊಂಡೇಬಿಟ್ಟ.

ಸಾಕು. ಎದ್ದೆ. ಲ್ಯಾಪ್‌ಟಾಪ್ ಕೈಯಲ್ಲಿದೆ. ಉಳಿದದ್ದು ಬಂದು ಬರೆ—