ಮಾರ್ಕೆಟ್ ಬಿತ್ತು

ಮಾರ್ಚ್ 4, ಬೆಳಿಗ್ಗೆ

ಮೌನದ ಎರಡನೇ ದಿನ. ಡಾಕ್ಟರ ಆಜ್ಞೆ — ಹತ್ತು ದಿನ ಬಾಯಿ ತೆರೆಯಕೂಡದು. ಮೂವತ್ತು ವರ್ಷ ನಾಟಕದಲ್ಲಿ ರಾಜಪಾರ್ಟು ಮಾಡಿದ ಗಂಟಲು! ಧಾನ್ಯದಂಗಡಿಯಲ್ಲಿ ಗೋಧಿ ರೇಟನ್ನೂ ಯುದ್ಧಘೋಷಣೆಯಂತೆ ಮೊಳಗಿಸಿದ ಗಂಟಲು! ಈಗ ಚೀಟಿ, ಪೆನ್ಸಿಲ್. ಗಲ್ಲಾದಲ್ಲಿ ಹೆಂಡತಿ.

“ಅಂಗಡಿ ಎಷ್ಟು ತಣ್ಣಗಿದೆ ರೀ,” ಅಂದಳು. ದ್ರೋಹಿ.

ಮಾರ್ಚ್ 5, ಮಧ್ಯಾಹ್ನ 12

ರೇಡಿಯೋದಲ್ಲಿ ಷೇರು ಸುದ್ದಿ. ಧರಾಶಾಯಿ! ತಡೆಯಲಾಗಲಿಲ್ಲ. ದಪ್ಪಕ್ಷರದಲ್ಲಿ ಗೀಚಿದೆ — ‘ಮಾರ್ಕೆಟ್ ಬಿತ್ತು!!’ ಚೀಟಿ ಅವಳ ಮುಂದಿಟ್ಟಾಯಿತು. ಇನ್ನು ಧಾನ್ಯದ ಮಂಡಿಗೆ.

ಸಂಜೆ 5

ಮಂಡಿಯಲ್ಲಿ ಗೋಧಿ ಗಗನಕ್ಕೆ! ದಲ್ಲಾಳಿ ಹೇಳಿದ, “ಷೇರಿಂದ ಓಡಿಬಂದ ದುಡ್ಡೆಲ್ಲ ಗೋಧಿ ಮೇಲೆ ಕೂತಿದೆ ಅಣ್ಣಾ. ಡೀಸೆಲ್ ಬೇರೆ ಏರಿದೆ, ಲಾರಿ ಬಾಡಿಗೆ ಕೇಳ್ಬೇಡಿ. ಏನು, ಮಾತೇ ಇಲ್ಲ?” ಹುಬ್ಬಿನಲ್ಲೇ ಅಭಿನಯಿಸಿದೆ.

ವಾಪಸ್ ಬಂದರೆ ಅಂಗಡಿ ಮುಂದೆ ಸಾಲು. ಬೋರ್ಡಿನಲ್ಲಿ ಗೋಧಿ ಕಿಲೋಗೆ 42 ಅಳಿಸಿ 38!

“ನೀವೇ ಬರೆದಿದ್ದಲ್ವಾ, ಮಾರ್ಕೆಟ್ ಬಿತ್ತು ಅಂತ? ನಮಗೆ ಇನ್ಯಾವ ಮಾರ್ಕೆಟ್ ರೀ?” ಅಂದಳು ಹೆಂಡತಿ.

ಹೌದಲ್ಲ... ಇನ್ಯಾವುದು?

ಅಷ್ಟೇ ಅಲ್ಲ. ಹಾಸ್ಟೆಲ್ ಅಡುಗೆಯಕ್ಕನಿಗೆ ಎರಡು ತಿಂಗಳು ಇದೇ ರೇಟು ಅಂತ ಮಾತು ಕೊಟ್ಟಿದ್ದಾಳೆ. ಎಂಬತ್ತು ಹುಡುಗಿಯರ ಊಟ. ತಾನೇ ಕುದುರಿಸಿದ ಮೊದಲ ವ್ಯಾಪಾರ. ಮೂಗಿಗೆ ಸೀಮೆಸುಣ್ಣ ಮೆತ್ತಿದ್ದೂ ಗೊತ್ತಿಲ್ಲ, ಅಷ್ಟು ಸಂಭ್ರಮ. ನಿಜ ಬರೆಯಲು ಪೆನ್ಸಿಲ್ ಎತ್ತಿದೆ. ಮೊನೆ ಮುರಿಯಿತು.

ಮುರಿದವನು ನಾನೇ.

ಮಾರ್ಚ್ 9

ಮುಂದಿನ ಬೀದಿಯ ಅಂಗಡಿಯ ಬೋರ್ಡ್ ನೋಡಿಬಂದಳು. ನಲವತ್ತೇಳು. ಊಟ ಬಿಟ್ಟಳು.

“ಯಾಕ್ರೀ ಹೇಳ್ಲಿಲ್ಲ? ನಾಳೆ ಅಕ್ಕ ಬಂದ್ರೆ ನಾನೇ ಕೈಮುಗಿದು ಹೇಳ್ತೀನಿ, ಆಗಲ್ಲ ಅಂತ. ಇನ್ಮೇಲೆ ಗಲ್ಲಾದಲ್ಲಿ ಕೂರಲ್ಲ.”

ಕ್ಷಮೆ ಕೇಳಿ ಬರೆದ ಚೀಟಿಗಳೆಲ್ಲ ಸಾಲವು. ಯಾವುದನ್ನೂ ಓದಲೊಲ್ಲಳು.

ಮಾರ್ಚ್ 10, ಬೆಳಿಗ್ಗೆ 11

ಅಡುಗೆಯಕ್ಕ ಬಂದಳು. ಇವಳು ಕೈಮುಗಿಯಲು ಎದ್ದಳು. ಡಾಕ್ಟರ ಗಡುವಿಗೆ ಇನ್ನೂ ಮೂರು ದಿನ — ಇರಲಿ! ಮೂಟೆ ಹತ್ತಿ ನಿಂತೆ.

“ಯಜಮಾನಿ ಕೊಟ್ಟ ಮಾತು! ಮೂವತ್ತೆಂಟು!”

ಹೊರಟಿದ್ದು ಸಿಂಹದ ಗರ್ಜನೆಯಲ್ಲ, ಕಪ್ಪೆಯ ವಟವಟ. ಅಕ್ಕ ಸೆರಗು ಬಾಯಿಗೊತ್ತಿಕೊಂಡಳು. ಇವಳೂ ನಕ್ಕಳು, ಕಣ್ಣೊರೆಸಿಕೊಂಡು.

“ಸಾಕು ಇಳೀರಿ ಮಹಾರಾಜ್ರೇ, ಗಂಟಲು!” — ಮತ್ತೆ ಹೋಗಿ ಗಲ್ಲಾದಲ್ಲಿ ಕೂತಳು.

ಹಳೇ ದಾಸ್ತಾನು ಒಂದು ತಿಂಗಳಿಗಾದೀತು. ಆಮೇಲೆ... ಹೊಸ ಸ್ಕೂಟರಿಗೆ ಕೂಡಿಟ್ಟ ದುಡ್ಡು ಗೋಧಿಗೆ, ಸ್ಕೂಟರ್ ನೇಪಥ್ಯಕ್ಕೆ. ಹೋಗಲಿ.

ಕರೀತಿದ್ದಾಳೆ. ಬೋರ್ಡಿನಲ್ಲಿ ಹೊಸ ರೇಟು ಬರೆಯಬೇಕಂತೆ. ಅವಳು ಹೇಳಿದಷ್ಟೇ, ಒಂದಕ್ಷರ ಹೆಚ್ಚಿಲ್ಲ. ಗೋಧಿ —