ಕೊಟ್ಟಿಗೆಯಲ್ಲಿ ಉಳಿದ ಬಟಾಟೆ

ಕಿತ್ತೂರು, ೧೯೫೩

ಅತ್ತೆಯವರ ಪಾದಗಳಿಗೆ ಸುಂದರಾಬಾಯಿಯ ನಮಸ್ಕಾರಗಳು.

ನೀವು ಬಾಣಂತನಕ್ಕೆ ಹೋದಲ್ಲಿ ಬಾಣಂತಿ, ಕೂಸು ಆರಾಮವೆಂದು ತಿಳಿದು ಸಂತೋಷವಾಯಿತು. ಇಲ್ಲಿ ಬಿತ್ತನೆಗೆ ಇಟ್ಟ ಬಟಾಟೆ ಕೊಳೆಯತೊಡಗಿತ್ತು. ನೆರೆಮನೆಯ ತಂಗೆವ್ವ, "ಬಳ್ಳೊಳ್ಳಿ ಅರದು, ಆ ನೀರು ಚಿಮುಕಸ್ರಿ ಬಾಯಾರ" ಎಂದಳು. ನಮ್ಮ ಹೊಸ್ತಿಲನ್ನು ಬೆಳ್ಳುಳ್ಳಿ ದಾಟುವಂತಿಲ್ಲವಲ್ಲ! ಹೆದರುತ್ತಲೇ ಅರ್ಧ ರಾಶಿಯನ್ನು ಹಿತ್ತಲಿನ ಕೊಟ್ಟಿಗೆಗೆ ಸಾಗಿಸಿ, ಅಲ್ಲಿಯೇ ಚಿಮುಕಿಸಿದೆವು.

ಮೂರು ವಾರವಾದ ಮೇಲೆ ಇಂದು ನೋಡಿದರೆ ಮನೆಯೊಳಗೆ ಉಳಿದ ಅರ್ಧ ನಾರುವ ರೊಜ್ಜಾಗಿದೆ. ಕೊಟ್ಟಿಗೆಯದು ಕಲ್ಲಿನಂತೆ ಗಟ್ಟಿಯಾಗಿದ್ದು, ಕಣ್ಣುಕಣ್ಣಿಗೂ ನಸುಗೆಂಪು ಮೊಳಕೆ ಬಂದಿದೆ! ಬೆಳ್ಳುಳ್ಳಿಯ ಗಾಳಿ ಸೋಕಿದರೂ ಸ್ನಾನ ಮಾಡುವ ಮಾವನವರು ಮಡಿಯಲ್ಲಿಯೇ ಬಂದು, ಒಂದನ್ನು ಅಂಗೈಯಲ್ಲಿಟ್ಟುಕೊಂಡು ಮೊಳಕೆಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ, "ನಿಮ್ಮ ಅತ್ತಿಯವರಿಗೆ ಬರಿಯಮ್ಮಾ, ಬರೂವಾಗ ಒಂದು ಚೀಲ ಬಳ್ಳೊಳ್ಳಿ ತರಲಿ" ಎಂದರು.

ಹಿತ್ತಲ ಬಾಗಿಲಿನಿಂದ ತರಬೇಕೋ, ಮುಂಬಾಗಿಲಿನಿಂದಲೋ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ನಿಮ್ಮ ಸೊಸೆ,
ಸುಂದರಾ