ನಮ್ಮ ಮನೆಯ ಹಿಂದಿನ ಕಡವೆ ದೊಡ್ಡಿ

ಫೆಬ್ರವರಿ 20, 1913. ವಯೋಮಿಂಗ್.

ಇವತ್ತೂ ಅದೇ ಕಥೆ. ಹಿಮಬಂಡಿಗೆ ಒಣಹುಲ್ಲು ಹೇರಿ, ದೊಡ್ಡಿಯೊಳಗೆ ಚೆಲ್ಲಿ, ದೂರ ನಿಂತು ಕಾದೆವು. ಎಲ್ಕ್ ಕಡವೆಗಳು ಬಾಗಿಲ ತನಕ ಬಂದವು. ಮೂಗರಳಿಸಿದವು. ಒಂದೂ ಒಳಗೆ ಕಾಲಿಡಲಿಲ್ಲ!

ಆದರೂ ಎಷ್ಟು ಖುಷಿ... ಆಂಬ್ರೋಸ್ ಪಕ್ಕ ಕೂತರೆ ಚಳಿಯೇ ಗೊತ್ತಾಗುವುದಿಲ್ಲ. ಕಾಡುಪ್ರಾಣಿ ಕಾಯುವ ಗೇಮ್ ವಾರ್ಡನ್ ಹೆಂಡತಿ, ನಾನು! ನನಗೆ ಕಲಿಸಿದ ಡೆನ್ವರ್ ಕಾನ್ವೆಂಟಿನ ಸಿಸ್ಟರುಗಳು ಕಂಡರೆ ಮೂರ್ಛೆ ಹೋದಾರು. ಕೂದಲ ತುಂಬ ಹುಲ್ಲು.

ಫೆಬ್ರವರಿ 24

ಶನಿವಾರ ಎಲ್ಕ್‌ಗಳನ್ನು ಒಯ್ಯುವ ರೈಲು. ಪೆನ್ಸಿಲ್ವೇನಿಯಾದ ಕಾಡಿನಲ್ಲಿ ಎಲ್ಕ್‌ಗಳನ್ನು ಬೇಟೆಯಾಡಿ ಮುಗಿಸಿದ್ದಾರೆ. ಇಲ್ಲಿ ಮೇವಿಲ್ಲದೆ ಸಾಯುತ್ತಿವೆ. ಒಂದು ರೈಲುಡಬ್ಬಿಯಷ್ಟನ್ನು ಅಲ್ಲಿಗೆ ಕಳಿಸಿದರೆ ಬದುಕಿಕೊಳ್ಳುತ್ತವೆ. ಡಬ್ಬಿ ಖಾಲಿ ಹೋದರೆ ಇಲಾಖೆ ಇನ್ನೊಂದು ಕೊಡುವುದಿಲ್ಲ. ಆಂಬ್ರೋಸ್ ಇವತ್ತು ಸೇಬಿನ ಪೈ ಕೂಡ ಮುಟ್ಟಲಿಲ್ಲ. ನನ್ನ ಪೈ!

ಪಕ್ಕದ ದನದ ರ‍್ಯಾಂಚಿನ ಹುಲ್ಡಾ ಅಜ್ಜಿ ಬಂದಿದ್ದಳು.

"ಹೊಸ ಜೋಡಿ ಅಂತೀರಿ, ಇನ್ನೂ ಯಾರೂ ಬಾಣಲೆ ಬಡಿಯಕ್ಕೆ ಬಂದಿಲ್ವಾ?"

ಹೊಸದಾಗಿ ಮದುವೆಯಾದವರಿಗೆ ಇಲ್ಲಿನ ಪದ್ಧತಿ. ಊರೆಲ್ಲ ಬಂದು ಮನೆ ಮುಂದೆ ಪಾತ್ರೆ ಬಡಿದು ಕಾಡಬೇಕು, ತಿನ್ನಲು ಕೊಡುವ ತನಕ ಬಿಡಬಾರದು.

"ಅಜ್ಜೀ, ದಮ್ಮಯ್ಯ, ಶನಿವಾರ ಕಳೀಲಿ. ಎಲ್ಕ್ ಓಡಿಹೋಗ್ತವೆ."

"ಹೇಳಿ ಕೇಳಿ ಬಂದ್ರೆ ಅದು ಬಾಣಲೆ ಬಡಿಯೋದಾ, ಹುಚ್ಚೀ?"

ಫೆಬ್ರವರಿ 28, ಸಂಜೆ

ಬರೆಯಲೇಬೇಕು.

ಊರವರು ಬಂದರು! ನಮಗೆ ಗೊತ್ತಾಗಬಾರದೆಂದು ಹೊಳೆ ಕಡೆಯಿಂದ ಸುತ್ತಿ—ಸರಿಯಾಗಿ ಎಲ್ಕ್ ಹಿಂಡಿನ ಬೆನ್ನ ಹಿಂದೆಯೇ! ಬಾಣಲೆ, ಹಂಡೆ, ಹಸುವಿನ ಗಂಟೆ. ಏಪ್ರನ್ ಬೀಸುತ್ತ ಓಡಿದೆ. "ನಿಲ್ಸೀ! ನಿಲ್ಸೀ!"

"ನಾಚ್ಕೊಂಡ್ಳು ನೋಡ್ರೋ!" ಅಂತ ಇನ್ನೂ ಜೋರಾಗಿ ಬಡಿದರು.

ಹಿಂಡು ಬೆದರಿತು. ಮುಗಿಯಿತು ಅಂದುಕೊಂಡೆ... ಹಿಂದೆ ಸದ್ದು, ಎರಡೂ ಕಡೆ ಬೇಲಿ, ಎದುರಿಗೆ ದೊಡ್ಡಿಯ ತೆರೆದ ಬಾಗಿಲು. ಧಡಧಡ ಒಳಗೆ! ಆಂಬ್ರೋಸ್ ಬಾಯಿ ಬಿಟ್ಟು ನಿಂತಿದ್ದ. ಆಮೇಲೆ ಹಾರಿ ಬಾಗಿಲು ಎಳೆದು, ತುಟಿಗೆ ಬೆರಳಿಟ್ಟ.

"ಶ್ಶ್! ಯಾರೂ ಉಸಿರೆತ್ತಬೇಡಿ. ಗಾಬರಿಯಾದ್ರೆ ಬೇಲಿಗೆ ಬಿದ್ದು ಕಾಲು ಮುರ್ಕೋತವೆ."

ಇಡೀ ಊರು ಗಪ್‌ಚಿಪ್. ಹುಲ್ಡಾ ಅಜ್ಜಿ ಮಾತ್ರ ಪಿಸುಗುಟ್ಟಿದಳು: "ವಾರ್ಡನ್ ಸಾಹೇಬ್ರೇ, ನಿಮ್ ಕೆಲಸ ಮಾಡ್ಕೊಟ್ವಿ. ಈಗ ಪೈ ಎರಡೆರಡು ತುಂಡು. ಆಮೇಲೆ ಮದುಮಗಳ್ನ ಬಂಡೀಲಿ ಕೂರಿಸಿ ಎಳೀಬೇಕು ನೀವೇ."

ಪೈ ಕತ್ತರಿಸಲು ಒಳಗೆ ಬಂದವಳು ಬರೆಯುತ್ತ ಕೂತಿದ್ದೇನೆ! ಕಿಟಕಿಯಲ್ಲಿ ಕಾಣುತ್ತಿದೆ: ಎಲ್ಲರೂ ತುದಿಗಾಲಲ್ಲಿ. ಅಜ್ಜಿಯ ಗಂಡ ನಗು ತಡೆಯಲಾರದೆ ಟೋಪಿ ಕಚ್ಚಿಕೊಂಡಿದ್ದಾನೆ. ಯಾರೋ ಬಂಡಿಯ ಗೆಜ್ಜೆ ಬಿಚ್ಚುತ್ತಿದ್ದಾರೆ, ಒಂದೊಂದನ್ನೂ ಮುಷ್ಟಿಯಲ್ಲಿ ಹಿಡಿದು. ಇಷ್ಟು ಮೆತ್ತಗೆ ಊರೊಂದು ಮದುವೆ ಗಲಾಟೆ ಮಾಡಿದ್ದು ಇನ್ನೆಲ್ಲಾದರೂ—

ಆಂಬ್ರೋಸ್ ಬಾಗಿಲಲ್ಲಿ. ಬೂಟು ಕೈಯಲ್ಲಿ. ಹಿಮದಲ್ಲಿ ಬರಿ ಕಾಲುಚೀಲ! ಬಂಡಿಗೆ ಕರೆದು ಕೈ ಚಾಚಿದ್ದಾನೆ, ನಾನು ಹೊರಟೆ!